ಅಪ್ಪನ ಹೆಬ್ಬೆರಳ ನೋವು

ನಮ್ಮ ಅಪ್ಪನಿಗೆ ಇಪ್ಪತ್ತಮೂರನೇ ವಯಸ್ಸಿನಲ್ಲಿ ಕಾಲಿನ ಹೆಬ್ಬೆರಳು ಊದಿಕೊಂಡಿತ್ತಂತೆ. ರಾತ್ರಿ ಮಲಗುವಾಗ ಸರಿಯಾಗಿತ್ತು. ಬೆಳಗಿನ ಜಾವಕ್ಕೆ ಹೊದಿಕೆ ತಾಗಿದರೂ ಕಿರುಚುವಷ್ಟು ನೋವು. ತಿಪಟೂರಿನ ಹತ್ತಿರ ನಮ್ಮದು ತೋಟದ ಮನೆ. ಮುಳ್ಳು ಚುಚ್ಚಿರಬೇಕು, ಕಲ್ಲು ಎಡವಿರಬೇಕು ಎಂದುಕೊಂಡರು. ಆಮೇಲೆ ಅದು ವರ್ಷಕ್ಕೆ ಎರಡು ಮೂರು ಸಲ ಬರತೊಡಗಿತು. ಡಾಕ್ಟರೊಬ್ಬರು ಗೌಟ್ ಎಂದರು, ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲಿನಲ್ಲಿ ಹರಳುಗಟ್ಟುವ ಕಾಯಿಲೆ. ಮಾಂಸ, ಹೆಂಡ ಎರಡನ್ನೂ ಬಿಡಿ ಎಂದರು. ಅಪ್ಪ ಎರಡನ್ನೂ ಮುಟ್ಟಿದವರಲ್ಲ. ಆದರೆ ಡಾಕ್ಟರು ಹಾಗೆ ಹೇಳಿದ್ದು ಹೇಗೋ ಹೊರಗೆ ಹೋಯಿತು. ಊರಲ್ಲಿ ಒಂದು ಮಾತು ಹುಟ್ಟಿತು: ಕದ್ದು ಕುಡೀತಾನೆ.

2009ರಲ್ಲಿ, 51ನೇ ವಯಸ್ಸಿಗೆ ಅಪ್ಪ ತೀರಿಕೊಂಡರು. ಕೊನೆಯ ಎರಡು ವರ್ಷ ಡಯಾಲಿಸಿಸ್. ಕಿಡ್ನಿ ಯಾಕೆ ಹೋಯಿತು ಎಂದು ಯಾವ ಚೀಟಿಯಲ್ಲೂ ಬರೆದಿರಲಿಲ್ಲ. ನೋವಿನ ಮಾತ್ರೆ ನುಂಗಿ ನುಂಗಿ ಸುಟ್ಟುಕೊಂಡ ಎಂದರು ಕೆಲವರು. ನೀರೇ ಕುಡೀತಿರಲಿಲ್ಲ ಎಂದರು ಇನ್ನು ಕೆಲವರು. ನಮ್ಮ ಅಜ್ಜಿ ಅಮ್ಮನ ಕಡೆ ನೋಡಿ, "ಅವಳ ಕೈಲಿ ಉಪ್ಪು ಜಾಸ್ತಿ" ಎಂದರು. ಅಮ್ಮ ಅಜ್ಜಿಯ ಸ್ವಂತ ಅಣ್ಣನ ಮಗಳು. ಆದರೂ ಅಂದರು. ಅವತ್ತಿನಿಂದ ಸಾರಿಗೆ ಉಪ್ಪು ಹಾಕುವಾಗ ಅಮ್ಮನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ನಾನು ನೋಡಿದ್ದೇನೆ.

ಇದನ್ನೆಲ್ಲ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ನನ್ನ ಕಾಯಿಲೆಯ ಹೆಸರು ಕಂಡುಹಿಡಿಯಲು ಹತ್ತಿರ ಹತ್ತಿರ ಎಂಟು ವರ್ಷ ಹಿಡಿಯಿತು. ಅದರ ಸುಳಿವು ಮಾತ್ರ ಅಪ್ಪನ ಆ ಬೆರಳಲ್ಲೇ ಇತ್ತು.

ನನಗೀಗ 37. ತಿಪಟೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. 2016ರಲ್ಲಿ ಮಗಳು ಹೊಟ್ಟೆಯಲ್ಲಿದ್ದಾಗ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.2 ಬಂದಿತ್ತು. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ಅದು, ಕಿಡ್ನಿ ಸೊರಗಿದಷ್ಟೂ ರಕ್ತದಲ್ಲಿ ಏರುತ್ತದೆ. ಲ್ಯಾಬಿನ ಹಾಳೆಯಲ್ಲಿ ಅದಕ್ಕೆ ಗುರುತು ಕೂಡ ಹಾಕಿರಲಿಲ್ಲ. ಬಸುರಿಯರಲ್ಲಿ ಅದು 0.5, 0.6ಕ್ಕೆ ಇಳಿಯಬೇಕು, 1.2 ಎಂದರೆ ಜಾಸ್ತಿ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹೆರಿಗೆಯಾದ ಮೇಲೆ ಇನ್ನೊಂದು ಸಲ ನೋಡೋಣ ಎಂದಿದ್ದರು. ಮಗು ಬಂತು, ನಿದ್ದೆಗೆಟ್ಟ ರಾತ್ರಿಗಳು ಬಂದವು. ಮರೆತುಹೋಯಿತು.

2019ರ ಒಂದು ರಾತ್ರಿ ನನ್ನ ಬಲಗಾಲಿನ ಹೆಬ್ಬೆರಳು ಹತ್ತಿಕೊಂಡು ಉರಿಯಿತು. ಅಮ್ಮ ದೀಪ ಹಾಕಿ ನೋಡಿದವರು ಏನೂ ಮಾತಾಡಲಿಲ್ಲ. ಸುಮ್ನೆ ಒಳಗೆ ಹೋದರು.

ನನಗಾಗ 31 ವರ್ಷ. ಆ ವಯಸ್ಸಿನ ಹೆಂಗಸರಿಗೆ, ಮುಟ್ಟು ಇನ್ನೂ ನಿಲ್ಲದವರಿಗೆ, ಗೌಟ್ ಬರುವುದು ತೀರ ಅಪರೂಪ. ಬಂದರೆ ಕಿಡ್ನಿ ಕಡೆ ನೋಡಬೇಕು. ನಾನು ಹೋದ ನರ್ಸಿಂಗ್ ಹೋಮಿನಲ್ಲಿ ನೋಡಿದರು, ಇಲ್ಲವೆನ್ನುವುದಿಲ್ಲ. ಯೂರಿಕ್ ಆಸಿಡ್ 9.2, ಕ್ರಿಯಾಟಿನಿನ್ 1.6. "ನೋವಿನ ಮಾತ್ರೆ ಜಾಸ್ತಿ ತಗೊಂಡಿದ್ದೀರ, ಅದಕ್ಕೇ ಕ್ರಿಯಾಟಿನಿನ್ ಏರಿದೆ" ಎಂದರು. ನಾನು ತೆಗೆದುಕೊಂಡಿದ್ದು ನಾಲ್ಕೇ ನಾಲ್ಕು ಮಾತ್ರೆ. ನಮ್ಮಪ್ಪನಿಗೂ ಹೀಗೇ ಇತ್ತು ಎಂದೆ. "ಅವರ ವಯಸ್ಸು ಬೇರೆ, ನಿಮ್ಮದು ಬೇರೆ" ಎಂದರು. ಅಪ್ಪನಿಗೆ ಎಷ್ಟನೇ ವಯಸ್ಸಿನಲ್ಲಿ ಶುರುವಾಯಿತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

2022ರ ಹೊತ್ತಿಗೆ ಕ್ರಿಯಾಟಿನಿನ್ 2.3. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಲೆಕ್ಕ ಹಾಕುವ ಇಜಿಎಫ್‌ಆರ್ 28. ಅಂದರೆ ಕಿಡ್ನಿ ಕಾಯಿಲೆಯ ಐದು ಹಂತದಲ್ಲಿ ನಾಲ್ಕನೆಯದು. ಬೆಂಗಳೂರಿಗೆ ಹೋದೆವು. ಸಕ್ಕರೆ ಇಲ್ಲ. ಬಿಪಿ 126/80. ಮೂತ್ರದಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ರಕ್ತವಂತೂ ಇಲ್ಲ. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಸ್ವಲ್ಪ ಚಿಕ್ಕದು, ಅಷ್ಟೇ. ಬಯಾಪ್ಸಿ ಮಾಡಿದರು. ಬೆನ್ನ ಕಡೆಯಿಂದ ಸೂಜಿ ಹಾಕಿ ನೂಲಿನಂಥ ಎರಡು ತುಣುಕು ತೆಗೆದರು. ಆಮೇಲೆ ಆರು ಗಂಟೆ ಅಲುಗಾಡದೆ ಮಲಗಿದ್ದೆ. ರಿಪೋರ್ಟಿನಲ್ಲಿ ಬಂದದ್ದು ಇಷ್ಟು: ಕಿಡ್ನಿಯ ಸಣ್ಣ ನಳಿಕೆಗಳು ಸೊರಗಿವೆ, ಅವುಗಳ ನಡುವಿನ ಜಾಗ ಗಾಯದ ಕಲೆಯಂತೆ ಗಟ್ಟಿಯಾಗಿದೆ. ಯಾಕೆ ಎಂದು ಇಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ 'ಕಾರಣ ತಿಳಿಯದ ದೀರ್ಘಕಾಲದ ಕಿಡ್ನಿ ಕಾಯಿಲೆ' ಎಂದು ಬರೆದರು.

ಆ ಎರಡು ಪದ, ಕಾರಣ ತಿಳಿಯದ, ನನ್ನನ್ನು ಕಾಯಿಲೆಗಿಂತ ಜಾಸ್ತಿ ಕಾಡಿದವು. ಕಾರಣ ಗೊತ್ತಿಲ್ಲ ಎಂದಾಗ ಎಲ್ಲರೂ ಒಂದೊಂದು ಕಾರಣ ಕೊಡುತ್ತಾರೆ. ಬೋರ್‌ವೆಲ್ ನೀರು ಎಂದರು. ಬ್ಯಾಂಕಿನಲ್ಲಿ ಮೂತ್ರ ಕಟ್ಟಿಕೊಂಡು ಕೂರ್ತೀಯ ಎಂದರು. ನಮ್ಮ ಅತ್ತೆಮನೆಯಲ್ಲಿ, ಕೆಟ್ಟ ಮನಸ್ಸಿನಿಂದ ಅಲ್ಲ, ಮದುವೆಗೆ ಮುಂಚೆಯೇ ಇತ್ತೇನೋ, ಮುಚ್ಚಿಟ್ಟರೇನೋ ಎಂಬ ಮಾತೂ ಬಂತು. ಅಪ್ಪನ ಮೇಲೆ ಬಂದದ್ದೇ ಒಂದೊಂದಾಗಿ ನನ್ನ ಮೇಲೂ ಬರುತ್ತಿತ್ತು.

ತಮ್ಮ ಮಾತ್ರ ಅದ್ಯಾವುದನ್ನೂ ತಲೆಗೆ ಹಾಕಿಕೊಳ್ಳಲಿಲ್ಲ. "ಅಕ್ಕಾ, ಹೋದ್ರೆ ಹೋಗ್ಲಿ ಬಿಡು. ನಂದೊಂದು ಕೊಡ್ತೀನಿ" ಎಂದ. ಇಬ್ಬರದ್ದೂ ಬಿ ಪಾಸಿಟಿವ್. ಅವನಿಗೆ ಆಗ 29.

ಆ ವರ್ಷದ ಕೊನೆಗೆ ಇನ್ನೊಬ್ಬ ಕಿಡ್ನಿ ತಜ್ಞೆಯ ಹತ್ತಿರ ಹೋದೆವು. ಆಕೆ ಫೈಲನ್ನು ಬದಿಗಿಟ್ಟು, "ಮೊದಲು ನಿಮ್ಮ ಮನೆಯವರ ಬಗ್ಗೆ ಹೇಳಿ" ಎಂದರು. ನಲವತ್ತು ನಿಮಿಷ ಕೂತರು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಕಡೆ ಯಾವಾಗಲಾದರೂ ಇದ್ದಿರಾ ಎಂದು ಕೇಳಿದರು. ಅಲ್ಲಿ ಹಳ್ಳಿ ಹಳ್ಳಿಗಳಲ್ಲೇ ಕಾರಣ ತಿಳಿಯದ ಕಿಡ್ನಿ ಕಾಯಿಲೆ ಹಬ್ಬಿದೆ. ಇಲ್ಲ ಎಂದೆ. ನಾಟಿ ಔಷಧಿ, ಕ್ರಿಮಿನಾಶಕ ಎಲ್ಲ ಕೇಳಿದರು. ಆಮೇಲೆ ಅಪ್ಪನ ಗೌಟ್ ಯಾವ ವಯಸ್ಸಿನಲ್ಲಿ ಶುರುವಾಯಿತು ಎಂದರು. ಇಪ್ಪತ್ತಮೂರು ಎಂದೆ. ಪೆನ್ನು ಕೆಳಗಿಟ್ಟರು.

"ನೋಡಿ, ಮೂತ್ರ ಸ್ವಚ್ಛ ಇದೆ. ಶುಗರ್ ಇಲ್ಲ, ಬಿಪಿ ಇಲ್ಲ. ಅಪ್ಪನಿಗೂ ಮಗಳಿಗೂ ಚಿಕ್ಕ ವಯಸ್ಸಲ್ಲೇ ಗೌಟ್. ಇದು ನೋವಿನ ಮಾತ್ರೆಯಿಂದ ಬಂದದ್ದಲ್ಲಮ್ಮ. ಕಿಡ್ನಿ ಸರಿ ಇಲ್ಲದ್ದಕ್ಕೇ ಗೌಟ್ ಬಂದಿದೆ. ಜೀನ್ ಪರೀಕ್ಷೆ ಮಾಡಿಸೋಣ."

ಮೂತ್ರದಲ್ಲಿ ಯೂರಿಕ್ ಆಸಿಡ್ ಎಷ್ಟು ಹೊರಗೆ ಹೋಗುತ್ತಿದೆ ಎಂದೂ ಅಳೆಸಿದರು. ತೀರ ಕಡಿಮೆ ಇತ್ತು. ತಿಂದದ್ದರಿಂದ ಜಾಸ್ತಿಯಾಗಿದ್ದಲ್ಲ ಅದು, ಹೊರಗೆ ಹೋಗಬೇಕಾದದ್ದು ಒಳಗೇ ಉಳಿದಿತ್ತು.

ಪರೀಕ್ಷೆಗೆ ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಕಳಿಸಿದರು. ಇನ್ನೂ ಚಿಕ್ಕ ಹುಡುಗಿ, ಬಹಳ ತಾಳ್ಮೆ. ಒಂದು ಬಿಳಿ ಹಾಳೆ ತೆಗೆದು ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತ ಹೋದಳು. ಕಾಯಿಲೆ ಇದ್ದವರದಕ್ಕೆ ಕಪ್ಪು ತುಂಬಿದಳು. ತೀರಿಕೊಂಡವರ ಮೇಲೆ ಓರೆ ಗೆರೆ. ಅಪ್ಪನ ಚೌಕ ಕಪ್ಪಾಗಿ, ಅದರ ಮೇಲೆ ಗೆರೆ ಬಿತ್ತು. ಅಪ್ಪನ ಅಕ್ಕ, ನಮ್ಮ ಅತ್ತೆ, ಆಗ ತಾನೇ ಡಯಾಲಿಸಿಸ್ ಶುರು ಮಾಡಿದ್ದರು, 68ನೇ ವಯಸ್ಸಿಗೆ. ವಯಸ್ಸಾಯಿತಲ್ಲ, ಅದಕ್ಕೆ ಎಂದುಕೊಂಡಿದ್ದೆವು. ಅವರ ವೃತ್ತವೂ ಕಪ್ಪಾಯಿತು. ತಾತ ಮೈ ಊದಿಕೊಂಡು ಹೋದರು ಎನ್ನುವುದು ಬಿಟ್ಟು ಏನೂ ಗೊತ್ತಿರಲಿಲ್ಲ. ಅಲ್ಲಿ ಪ್ರಶ್ನೆ ಗುರುತು. ದೊಡ್ಡಪ್ಪನಿಗೆ 72 ದಾಟಿತ್ತು, ಇನ್ನೂ ತೋಟಕ್ಕೆ ಹೋಗಿ ಬರುತ್ತಿದ್ದರು. ಆ ಚೌಕ ಖಾಲಿ ಉಳಿಯಿತು.

ಅಪ್ಪ ಅಮ್ಮನ ನಡುವೆ ಮಾತ್ರ ಅವಳು ಎರಡು ಗೆರೆ ಎಳೆದಳು. ಸಂಬಂಧದಲ್ಲಿ ಮದುವೆಯಾದವರಿಗೆ ಹಾಗೆ ಎರಡು ಗೆರೆ ಹಾಕುತ್ತಾರಂತೆ. ನಾನು ಸ್ವಲ್ಪ ಮುದುಡಿದೆ. ಅವಳು ಅದನ್ನು ಗಮನಿಸಿ, "ಮೇಡಂ, ಇದು ತಪ್ಪು ಅಂತ ಹಾಕಿದ್ದಲ್ಲ. ಲೆಕ್ಕಕ್ಕೆ ಬೇಕು" ಎಂದಳು. ಕೆಲವು ಕಿಡ್ನಿ ಕಾಯಿಲೆಗಳು ಬರಬೇಕಾದರೆ ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು, ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು. ಸಂಬಂಧದ ಮದುವೆಯಲ್ಲಿ ಅದಕ್ಕೆ ಅವಕಾಶ ಜಾಸ್ತಿ. ಇನ್ನು ಕೆಲವಕ್ಕೆ ಒಂದೇ ಪ್ರತಿ ಕೆಟ್ಟರೂ ಸಾಕು. ಅವು ತಲೆಮಾರಿಂದ ತಲೆಮಾರಿಗೆ ನೇರವಾಗಿ ಇಳಿಯುತ್ತವೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಮ್ಮ ಹಾಳೆ ನೋಡಿದರೆ ಎರಡನೆಯ ಜಾತಿ ಎನಿಸುತ್ತದೆ ಎಂದಳು.

ಉತ್ತರ ಸಿಕ್ಕೇ ಸಿಗುತ್ತದೆ ಎಂದು ಅವಳು ಹೇಳಲಿಲ್ಲ. ನನಗೆ ಆ ಮಾತು ಹಿಡಿಸಿತು. 2019ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಸೇರಿ 3,315 ಕಿಡ್ನಿ ರೋಗಿಗಳ ಜೀನ್ ಓದಿದ್ದರಂತೆ. ನೂರಕ್ಕೆ ಒಂಬತ್ತು ಜನರಿಗೆ ಕಾರಣ ಸಿಕ್ಕಿತು. ಕಾರಣ ತಿಳಿಯದು ಎಂದು ಬರೆಸಿಕೊಂಡವರಲ್ಲಿ ನೂರಕ್ಕೆ ಹದಿನೇಳು. ಉಳಿದವರಿಗೆ ಅದರಲ್ಲೂ ಇಲ್ಲ. ಒಂದು ಜೀನ್ ಅಂತೂ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ ಎಂದಳು. ಎಂಯುಸಿ1 ಅದರ ಹೆಸರು. ಅದರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಅದರ ನಡುವೆ ಒಂದು ಅಕ್ಷರ ಹೆಚ್ಚಾಗಿ ಸೇರಿಕೊಂಡರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ರಿಪೋರ್ಟಿನಲ್ಲಿ 'ಏನೂ ಇಲ್ಲ' ಎಂದು ಬಂದರೆ 'ಈ ಪರೀಕ್ಷೆಗೆ ಕಂಡಿಲ್ಲ' ಎಂದೇ ಓದಿಕೊಳ್ಳಬೇಕು.

ಒಪ್ಪಿಗೆ ಪತ್ರದಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಕಿಡ್ನಿಗೆ ಸಂಬಂಧವೇ ಇಲ್ಲದ ಬೇರೆ ಅಪಾಯ, ಉದಾಹರಣೆಗೆ ಸ್ತನ ಕ್ಯಾನ್ಸರಿನ ಜೀನ್, ಅಚಾನಕ್ ಕಂಡರೆ ಹೇಳಬೇಕೋ ಬೇಡವೋ? ನನ್ನ ಗಂಡ ಹೇಳಲಿ ಎಂದರು. ನಾನು ಬೇಡ ಎಂದು ಗುರುತು ಹಾಕಿದೆ. ಹೊತ್ತುಕೊಳ್ಳಲು ಅವತ್ತಿಗೆ ಒಂದೇ ಸಾಕಿತ್ತು.

ರಕ್ತ ಕೊಟ್ಟದ್ದು ಐದು ನಿಮಿಷದ ಕೆಲಸ. ನೇರಳೆ ಮುಚ್ಚಳದ ಒಂದೇ ಟ್ಯೂಬು. ನನಗೆ ತಗುಲಿದ್ದು 24 ಸಾವಿರ ರೂಪಾಯಿ. ವಿಮೆಯಲ್ಲಿ ಬರಲಿಲ್ಲ, ಕೊಬ್ಬರಿ ಮಾರಿದ ದುಡ್ಡಲ್ಲಿ ಕಟ್ಟಿದೆವು. ನಮ್ಮ ಸುಮಾರು 20 ಸಾವಿರ ಜೀನುಗಳಲ್ಲಿ ಪ್ರೋಟೀನ್ ಮಾಡಲು ಬೇಕಾದ ಭಾಗಗಳನ್ನಷ್ಟೇ ಓದುವುದಕ್ಕೆ ಎಕ್ಸೋಮ್ ಎನ್ನುತ್ತಾರೆ. ಇಡೀ ಜೀನೋಮಿನಲ್ಲಿ ಅದು ನೂರಕ್ಕೆ ಒಂದೆರಡು ಪಾಲು ಅಷ್ಟೇ. ಆರು ವಾರ ಕಾಯಿರಿ ಎಂದರು. ಏಳಾಯಿತು.

2023ರ ಮಾರ್ಚಿನಲ್ಲಿ ರಿಪೋರ್ಟು ಬಂತು. ಯುಎಂಒಡಿ ಎಂಬ ಜೀನಿನಲ್ಲಿ ಒಂದು ಅಕ್ಷರ ಬೇರೆ ಇದೆ. ಅದರ ಕೆಳಗೇ, 'ಅರ್ಥ ಖಚಿತವಿಲ್ಲದ ಬದಲಾವಣೆ'. ವಿಯುಎಸ್ ಎನ್ನುತ್ತಾರೆ ಅದನ್ನು.

ನಾನು ಅತ್ತುಬಿಟ್ಟೆ. ಇಷ್ಟೆಲ್ಲ ಆದ ಮೇಲೂ ಖಚಿತವಿಲ್ಲ ಎಂದರೆ?

ಡಾಕ್ಟರು ವಿವರಿಸಿದರು. ಜೀನಿನ ಬದಲಾವಣೆಗಳನ್ನು ಐದು ಪಂಗಡ ಮಾಡಿದ್ದಾರೆ. ಒಂದು ತುದಿಯಲ್ಲಿ ರೋಗಕಾರಕ, ಇನ್ನೊಂದು ತುದಿಯಲ್ಲಿ ನಿರಪಾಯ. ನಡುವಿನದು ವಿಯುಎಸ್. ಎಲ್ಲರ ಜೀನಿನಲ್ಲೂ ಸಾವಿರಾರು ವ್ಯತ್ಯಾಸ ಇರುತ್ತವೆ, ಹೆಚ್ಚಿನವು ಏನೂ ಮಾಡುವುದಿಲ್ಲ. ನನ್ನದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಇದು ಅಪರೂಪದ ದೋಷವೋ, ಅಥವಾ ನಮ್ಮ ಕಡೆಯ ಜನರಲ್ಲಿ ಸುಮ್ನೆ ಇರುವ ವ್ಯತ್ಯಾಸವೋ? ಜಗತ್ತಿನ ಜೀನ್ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ, ನಮ್ಮಂಥವರು ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ 10 ಸಾವಿರ ಜನರ ಜೀನೋಮ್ ಓದಿದ್ದಾರೆ. ಆ ಮಾಹಿತಿ ಸಂಶೋಧಕರಿಗೆ ತೆರೆದದ್ದು 2025ರ ಜನವರಿಯಲ್ಲಿ. ನನ್ನ ರಿಪೋರ್ಟಿನ ಹೊತ್ತಿಗೆ ಅದು ಸಿಗುತ್ತಿರಲಿಲ್ಲ.

"ಹಾಗಾದರೆ ಯಾರನ್ನು ಕೇಳೋದು ಡಾಕ್ಟ್ರೇ?" ಎಂದೆ.

"ನಿಮ್ಮ ಮನೆಯವರನ್ನೇ ಕೇಳೋಣ. ಕಾಯಿಲೆ ಇರುವವರಲ್ಲಿ ಈ ಬದಲಾವಣೆ ಇದೆಯಾ, ವಯಸ್ಸಾಗಿಯೂ ಗಟ್ಟಿಮುಟ್ಟಾಗಿ ಇರುವವರಲ್ಲಿ ಇಲ್ಲವಾ, ಅಷ್ಟು ಗೊತ್ತಾದರೆ ಸಾಕು."

ತಮ್ಮ ಕೂಡಲೇ ತೋಳು ಚಾಚಿದ. ಡಾಕ್ಟರು ಬೇಡ ಎಂದರು. ಮೂವತ್ತರ ವಯಸ್ಸಿನವನಿಗೆ ಕಾಯಿಲೆ ಇದೆಯೋ, ಮುಂದೆ ಬರುವುದೋ ಹೇಳಲಾಗದು, ಹಾಗಾಗಿ ಅವನ ರಕ್ತದಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಬೇಕಾಗಿದ್ದದ್ದು ಅತ್ತೆ, ಮತ್ತು ದೊಡ್ಡಪ್ಪ.

ಅತ್ತೆ ಇರುವುದು ಹುಳಿಯಾರಿನ ಹತ್ತಿರದ ಹಳ್ಳಿಯಲ್ಲಿ. ವಾರಕ್ಕೆ ಎರಡು ಸಲ ತಾಲ್ಲೂಕು ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಅಲ್ಲಿಗೇ ಹೋದೆ. ಯಂತ್ರಕ್ಕೆ ಹಾಕುವ ಸೂಜಿಯಿಂದಲೇ ನಮ್ಮ ಟ್ಯೂಬಿಗೂ ರಕ್ತ ತುಂಬಿಕೊಟ್ಟರು. ಅತ್ತೆ ಒಂದೇ ಪ್ರಶ್ನೆ ಕೇಳಿದರು: "ನಿನಗೆ ಇದರಿಂದ ಒಳ್ಳೇದಾಗುತ್ತೇನೇ?" ಗೊತ್ತಿಲ್ಲ ಅತ್ತೆ ಎಂದೆ. "ಸರಿ, ತಗೋ" ಎಂದರು. ಅತ್ತೆಯ ಮಗನೂ ಅಲ್ಲೇ ಇದ್ದರು, ನನಗೆ ಭಾವ. ಲಾರಿ ಓಡಿಸುತ್ತಾರೆ. ಅವರಿಗೂ ಗೌಟ್ ಇದೆ. ಅವರು ಕುಡಿಯುತ್ತಾರೆ, ಆದ್ದರಿಂದ ಕಾರಣವನ್ನು ಯಾರೂ ಹುಡುಕಿರಲೇ ಇಲ್ಲ. ಅವರದ್ದೂ ರಕ್ತ ತೆಗೆಸಿದೆ, ಜೊತೆಗೆ ಕ್ರಿಯಾಟಿನಿನ್ ಕೂಡ. ಅದು 1.9 ಬಂತು. 45ನೇ ವಯಸ್ಸಿನವರೆಗೆ ಅವರು ಒಮ್ಮೆಯೂ ನೋಡಿಸಿಕೊಂಡಿರಲಿಲ್ಲ.

ದೊಡ್ಡಪ್ಪನೇ ಕಷ್ಟವಾದರು. "ನಂಗೇನಾಗೈತೆ ಅಂತ ರಕ್ತ ಕೊಡ್ಲಿ?" ಏನೂ ಆಗಿಲ್ಲ ದೊಡ್ಡಪ್ಪ, ಅದಕ್ಕೇ ನಿಮ್ಮದು ಬೇಕು ಎಂದರೆ ಅವರಿಗೆ ಅರ್ಥವಾಗಲಿಲ್ಲ. ಒಳಗೊಳಗೆ ಭಯವೂ ಇತ್ತು, ನನಗೂ ಇದೆ ಅಂದುಬಿಟ್ಟರೆ ಎಂದು. ಮೂರು ಸಲ ಹೋದೆ. ಮೂರನೇ ಸಲ ದೊಡ್ಡಮ್ಮನೇ, "ನಿಮ್ಮ ತಮ್ಮನ ಮಗಳು ಕೇಳ್ತಾವ್ಳೆ, ಒಂದು ಹನಿ ರಕ್ತಕ್ಕೆ ಯಾಕೆ ಹಿಂಗಾಡ್ತೀರ" ಎಂದು ಗದರಿದರು. ಕೊಟ್ಟರು.

ಈ ಪರೀಕ್ಷೆ ಚಿಕ್ಕದು, ಇಡೀ ಎಕ್ಸೋಮ್ ಓದಬೇಕಿಲ್ಲ. ಆ ಒಂದು ಅಕ್ಷರ ಇದೆಯೋ ಇಲ್ಲವೋ ನೋಡಿದರೆ ಸಾಕು. ಅತ್ತೆಗೆ ಇತ್ತು. ಭಾವನಿಗೆ ಇತ್ತು. ದೊಡ್ಡಪ್ಪನಿಗೆ ಇರಲಿಲ್ಲ. ಇದನ್ನೂ ನನ್ನ ಲಕ್ಷಣಗಳನ್ನೂ ಸೇರಿಸಿ ನೋಡಿ ಲ್ಯಾಬಿನವರು ರಿಪೋರ್ಟ್ ತಿದ್ದಿದರು. 'ಅರ್ಥ ಖಚಿತವಿಲ್ಲ' ಹೋಗಿ 'ಬಹುತೇಕ ರೋಗಕಾರಕ' ಎಂದಾಯಿತು. ಕಾಯಿಲೆ ಇಲ್ಲದ ದೊಡ್ಡಪ್ಪನ ರಕ್ತ ಇಲ್ಲದಿದ್ದರೆ ಅಷ್ಟು ಬಲ ಬರುತ್ತಿರಲಿಲ್ಲ. ಹಾಗೆಂದು ಅವರ ಕಾಲಿಗೆ ನಮಸ್ಕಾರ ಮಾಡಿದೆ. "ಅಂದ್ರೆ ನನ್ನ ಮಕ್ಕಳಿಗೂ ಇಲ್ಲ ಅಂತ ತಾನೇ?" ಎಂದರು. ನಿಮ್ಮ ಕಡೆಯಿಂದ ಇಲ್ಲ ಎಂದೆ. ಅವರು ಕುಂತಲ್ಲೇ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಕಾಯಿಲೆಯ ಹೆಸರು ಉದ್ದ: ಆಟೋಸೋಮಲ್ ಡಾಮಿನೆಂಟ್ ಟ್ಯೂಬ್ಯುಲೊಇಂಟರ್‌ಸ್ಟಿಷಿಯಲ್ ಕಿಡ್ನಿ ಡಿಸೀಸ್. ಎಡಿಟಿಕೆಡಿ ಎಂದು ಚಿಕ್ಕದಾಗಿ ಹೇಳುತ್ತಾರೆ. ಹಿಂದೆ ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಿದ್ದದ್ದನ್ನು 2015ರಲ್ಲಿ ತಜ್ಞರು ಈ ಒಂದು ಹೆಸರಿನಡಿ ತಂದರು. ಯುಎಂಒಡಿ ಜೀನಿನಿಂದ ಇದು ಬರುತ್ತದೆ ಎಂದು ತಿಳಿದದ್ದು 2002ರಲ್ಲಿ. ಆ ಹೊತ್ತಿಗೆ ಅಪ್ಪನ ಗೌಟಿಗೆ ಇಪ್ಪತ್ತು ವರ್ಷ ದಾಟಿತ್ತು.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಿಡ್ನಿಯ ನಳಿಕೆಯ ಒಂದು ಭಾಗದಲ್ಲಿ ಯೂರೊಮಾಡ್ಯುಲಿನ್ ಎಂಬ ಪ್ರೋಟೀನ್ ತಯಾರಾಗುತ್ತದೆ. ಆರೋಗ್ಯವಂತರ ಮೂತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನ್ ಅದೇ. 640 ಮಣಿಗಳ ಸರ ಎಂದುಕೊಳ್ಳಿ. ಅದರಲ್ಲಿ 48 ಮಣಿ ಸಿಸ್ಟೀನ್. ಇವು ರವಿಕೆಯ ಹುಕ್ಕು ಕುಣಿಕೆಯ ಹಾಗೆ ಜೋಡಿ ಜೋಡಿಯಾಗಿ ಸಿಕ್ಕಿಕೊಂಡು ಸರಕ್ಕೆ ಆಕಾರ ಕೊಡುತ್ತವೆ. ನನಗೆ ಒಂದು ಸಿಸ್ಟೀನ್ ಇರಬೇಕಾದ ಕಡೆ ಬೇರೊಂದು ಮಣಿ ಬಂದಿದೆ. ಒಂದು ಹುಕ್ಕು ಇಲ್ಲ. ಅದರ ಜೋಡಿ ಖಾಲಿ ನೇತಾಡುತ್ತದೆ. ಸರ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಮಡಚದ್ದು ಜೀವಕೋಶದಿಂದ ಹೊರಗೆ ಹೋಗುವುದಿಲ್ಲ. ಒಳಗೇ ಗುಡ್ಡೆಯಾಗಿ, ವರ್ಷಾನುಗಟ್ಟಲೆ ಕೂತು, ಕೋಶವನ್ನೇ ಕೊಲ್ಲುತ್ತದೆ. ಮೂತ್ರದಲ್ಲಿ ರಕ್ತ, ಪ್ರೋಟೀನ್ ಏನೂ ಕಾಣದೆ ಕಿಡ್ನಿ ಸದ್ದಿಲ್ಲದೆ ಸೊರಗುವುದು ಹೀಗೆ. ಒಂದೇ ಮನೆಯಲ್ಲಿ ಒಬ್ಬರಿಗೆ ಐವತ್ತಕ್ಕೆ, ಇನ್ನೊಬ್ಬರಿಗೆ ಎಪ್ಪತ್ತರ ಹತ್ತಿರಕ್ಕೆ ಕೈ ಕೊಡಬಹುದು, ನಮ್ಮ ಅಪ್ಪನಿಗೂ ಅತ್ತೆಗೂ ಆದ ಹಾಗೆ.

ಇದಕ್ಕೆ ಮದ್ದಿಲ್ಲ. ಅದನ್ನು ಡಾಕ್ಟರು ಮೊದಲೇ ನೇರವಾಗಿ ಹೇಳಿದರು. ಆದರೂ ಹೆಸರು ಸಿಕ್ಕಿದ್ದರಿಂದ ಬಹಳ ಬದಲಾಯಿತು. ಮತ್ತೊಂದು ಬಯಾಪ್ಸಿ ಬೇಡವಾಯಿತು. ಸ್ಟೀರಾಯ್ಡ್ ಕೊಟ್ಟು ನೋಡೋಣವೇ ಎಂಬ ಮಾತು ನಿಂತಿತು. ಹಿಂದೆ ಯಾರೋ ಬರೆದಿದ್ದ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಯೂರಿಕ್ ಆಸಿಡ್ ಏರಿಸುತ್ತಿತ್ತು, ಅದನ್ನು ತೆಗೆದರು. ಗೌಟಿಗೆ ದಿನಾ ಒಂದು ಮಾತ್ರೆ ಶುರುವಾಯಿತು, ಆಮೇಲೆ ಬೆರಳು ಒಂದು ಸಲವೂ ಊದಿಲ್ಲ. ಕಸಿ ಮಾಡಿಸಿಕೊಂಡರೆ ಹೊಸ ಕಿಡ್ನಿಗೆ ಈ ಕಾಯಿಲೆ ಬರುವುದಿಲ್ಲ, ಅದರ ಜೀನ್ ಕೊಟ್ಟವರದ್ದಲ್ಲವಾ.

ಕೊಡುವವರು ಯಾರು ಎಂಬಲ್ಲಿಗೆ ಮಾತು ಬಂತು.

ತಮ್ಮನಿಗೆ ಕೌನ್ಸೆಲರ್ ಎರಡು ಸಲ ಕೂರಿಸಿ ಮಾತಾಡಿದಳು. ತಿಳಿದುಕೊಳ್ಳದೇ ಇರುವುದಕ್ಕೂ ನಿಮಗೆ ಹಕ್ಕಿದೆ, ಆದರೆ ಕಿಡ್ನಿ ಕೊಡಬೇಕೆಂದರೆ ಪರೀಕ್ಷೆ ಬೇಕೇ ಬೇಕು ಎಂದಳು. ಮಾಡಿಸಿದ. 2024ರ ಜೂನ್. ಫಲಿತಾಂಶವನ್ನು ಅವನೊಬ್ಬನಿಗೇ ಹೇಳಿದರು, ನನಗೆ ಹೇಳಲಿಲ್ಲ. ಅವನು ಮೆಟ್ಟಿಲಿಳಿದು ಬಂದು ಕ್ಯಾಂಟೀನಿನಲ್ಲಿ ಎರಡು ಟೀ ಹೇಳಿದ. ಟೀ ಬಂತು. ಕುಡಿಯಲಿಲ್ಲ.

"ಅಕ್ಕಾ, ನಂದೂ ಅದೇ."

ಅವನ ಕ್ರಿಯಾಟಿನಿನ್ ಆಗ 1.0. ಸ್ಕ್ಯಾನ್ ಸರಿ, ಮೂತ್ರ ಸರಿ, ಬಿಪಿ ಸರಿ. ಜೀನ್ ನೋಡದೇ ಹೋಗಿದ್ದರೆ ಅವನು ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ, ತನ್ನ ಎರಡರಲ್ಲಿ ಒಂದನ್ನು ನನಗೆ ಕೊಟ್ಟುಬಿಡುತ್ತಿದ್ದ. ಕೆಡಲಿರುವ ಕಿಡ್ನಿ ನನಗೆ ಬರುತ್ತಿತ್ತು. ಕೆಡಲಿರುವ ಇನ್ನೊಂದೇ ಒಂದರ ಮೇಲೆ ಅವನು ಬದುಕುತ್ತಿದ್ದ. ಎಷ್ಟೋ ರಾತ್ರಿ ಇದನ್ನು ನೆನೆದು ಎದ್ದು ಕೂತಿದ್ದೇನೆ.

ಆಮೇಲೆ ಒಂದು ತಿಂಗಳು ಅವನು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನಿಗೆ ಹೆಣ್ಣು ನೋಡುತ್ತಿದ್ದರು. ಒಂದು ಕಡೆ ಹೆಚ್ಚುಕಡಿಮೆ ಒಪ್ಪಿಗೆಯಾಗಿತ್ತು. ಹೇಳಬೇಡ, ಈಗ ಏನೂ ಇಲ್ಲವಲ್ಲ ಎಂದರು ನೆಂಟರು. ಅವನು ಹೋಗಿ ಹೇಳಿದ. ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆ ಎಂಬುದನ್ನೂ, ಐವಿಎಫ್‌ನಲ್ಲಿ ಭ್ರೂಣ ಪರೀಕ್ಷೆ ಮಾಡಿ ಇದನ್ನು ತಪ್ಪಿಸಬಹುದು ಎಂಬುದನ್ನೂ ಹೇಳಿದ. ಆ ಮಾತುಕತೆ ಮುಂದೆ ಹೋಗಲಿಲ್ಲ. ಪರೀಕ್ಷೆಯ ಒಳ್ಳೆಯದನ್ನಷ್ಟೇ ಬರೆದರೆ ಅವನಿಗೆ ಅನ್ಯಾಯವಾಗುತ್ತದೆ. ಈಗ ಆರು ತಿಂಗಳಿಗೊಮ್ಮೆ ರಕ್ತ ನೋಡಿಸುತ್ತಾನೆ. ನೋವಿನ ಮಾತ್ರೆ ಮುಟ್ಟುವುದಿಲ್ಲ. ಅಪ್ಪನಿಗೆ ಸಿಗದೇ ಹೋದ ಇಪ್ಪತ್ತು ವರ್ಷದ ಮುನ್ಸೂಚನೆ ಅವನಿಗೆ ಸಿಕ್ಕಿದೆ. ಅದರ ಬೆಲೆಯನ್ನೂ ಅವನೇ ಕೊಟ್ಟಿದ್ದಾನೆ.

ಮಗಳಿಗೆ ಮಾಡಿಸಿಲ್ಲ. ಎಲ್ಲರೂ ಇದನ್ನೇ ಮೊದಲು ಕೇಳುತ್ತಾರೆ. ಅವಳಿಗೆ ಎಂಟು ದಾಟಿದೆ. ದೊಡ್ಡವರಾದ ಮೇಲೆ ಬರುವ, ಈಗಲೇ ಕೊಡಲು ಮದ್ದಿಲ್ಲದ ಕಾಯಿಲೆಗೆ, ಏನೂ ತೊಂದರೆ ಇಲ್ಲದ ಮಕ್ಕಳ ಜೀನ್ ಪರೀಕ್ಷೆ ಮಾಡುವುದಿಲ್ಲ ಎಂದು ಡಾಕ್ಟರು ಹೇಳಿದರು. ಬೆರಳು ಊದಿದರೆ ಬೇರೆ ಮಾತು. ಇಲ್ಲದಿದ್ದರೆ 18 ಆದ ಮೇಲೆ ಅವಳೇ ತೀರ್ಮಾನ ಮಾಡಲಿ. ಮೊದಮೊದಲು ನನಗೆ ಇದನ್ನು ಒಪ್ಪಲು ಆಗಲಿಲ್ಲ. ಅವಳು ಕುಂಟಾಬಿಲ್ಲೆ ಆಡುವಾಗ ಕಾಲನ್ನೇ ನೋಡುತ್ತಿದ್ದೆ. ಈಗ ಕಡಿಮೆಯಾಗಿದೆ.

ಉಳಿದದ್ದು ಅಮ್ಮ. ಕಾಯಿಲೆ ಅಪ್ಪನ ಕಡೆಯದ್ದು, ಅಮ್ಮನಿಗೆ ಹೇಗೆ ಬರುತ್ತದೆ ಎಂದುಕೊಂಡಿದ್ದೆ. ಕೌನ್ಸೆಲರ್ ಹಳೆಯ ಹಾಳೆ ತೆಗೆದು ಆ ಎರಡು ಗೆರೆ ತೋರಿಸಿದಳು. ಇದು ತಾತನಿಂದ ಬಂತೋ ಅಜ್ಜಿಯಿಂದ ಬಂತೋ ನಮಗೆ ಗೊತ್ತಿಲ್ಲ. ಅಜ್ಜಿ 84ರವರೆಗೆ ಬದುಕಿದ್ದರು, ಅವರಿಗೆ ಕಿಡ್ನಿ ತೊಂದರೆ ಇದ್ದ ನೆನಪು ಯಾರಿಗೂ ಇಲ್ಲ. ಆದರೂ ಪರೀಕ್ಷೆ ಮಾಡಿಸಿದವರಲ್ಲ. ಅಜ್ಜಿಯ ಕಡೆಯದ್ದಾಗಿದ್ದರೆ, ಅವರ ಅಣ್ಣನ ಮಗಳಾದ ಅಮ್ಮನಲ್ಲೂ ಇರಬಹುದು. ಸೋದರಮಾವನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಇದನ್ನು ನೋಡಲೇಬೇಕು ಎಂದಳು.

ಮೂರು ವಾರ ಕಾದೆವು. ಅಮ್ಮ ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದರು. ಫಲಿತಾಂಶ ಬಂದ ದಿನ ನಾನು ಬ್ಯಾಂಕಿನಿಂದಲೇ ಫೋನ್ ಮಾಡಿದೆ. ನಿನಗಿಲ್ಲ ಕಣಮ್ಮ ಎಂದೆ. ಆ ಕಡೆಯಿಂದ ತುಂಬಾ ಹೊತ್ತು ಮಾತಿಲ್ಲ.

"ಹಾಗಾದ್ರೆ ನಿಮ್ಮಪ್ಪಂಗೆ ಅದು ಹುಟ್ತಾನೇ ಇತ್ತಾ?"

"ಹೂಂ. ಹುಟ್ತಾನೇ ಇತ್ತು."

"ಉಪ್ಪಿಂದ ಅಲ್ಲ?"

"ಅಲ್ಲಮ್ಮ. ಉಪ್ಪಿಂದಲೂ ಅಲ್ಲ, ಮಾತ್ರೆಯಿಂದಲೂ ಅಲ್ಲ. ಯಾರೂ ಏನೂ ಮಾಡಿದ್ದಲ್ಲ."

ಅವರು ಫೋನ್ ಇಟ್ಟುಬಿಟ್ಟರು. ಸಂಜೆ ಮನೆಗೆ ಹೋದಾಗ ಅಪ್ಪನ ಫೋಟೋದ ಗಾಜು ಒರೆಸಿ ಹೂವು ಬದಲಾಯಿಸಿದ್ದರು. ಮರುದಿನ ಅತ್ತೆಗೆ ಅವರೇ ಫೋನ್ ಮಾಡಿ, "ಅತ್ತಿಗೆ, ನಿಮ್ಮ ತಮ್ಮ ಕುಡೀತಿರಲಿಲ್ಲ. ಈಗ ಕಾಗದದಲ್ಲೇ ಬಂದಿದೆ" ಎಂದು ಹೇಳುತ್ತಿದ್ದದ್ದು ಕೇಳಿಸಿತು. ಕಾಗದದಲ್ಲಿ ಹಾಗೇನೂ ಬರೆದಿಲ್ಲ. ನಾನು ತಿದ್ದಲು ಹೋಗಲಿಲ್ಲ.

ನನ್ನ ಇಜಿಎಫ್‌ಆರ್ ಈಗ 17. ಅಮ್ಮನ ಕಿಡ್ನಿ ಆದರೆ ಡಯಾಲಿಸಿಸ್ ಶುರುವಾಗುವ ಮೊದಲೇ ಕಸಿ ಮಾಡಬಹುದು ಎನ್ನುತ್ತಾರೆ. ಅಮ್ಮನಿಗೆ 61. ಅವರ ಹೃದಯ, ಶುಗರ್, ಬಿಪಿ ನೋಡಿದ್ದಾಯಿತು. ಎರಡೂ ಕಿಡ್ನಿ ಬೇರೆ ಬೇರೆಯಾಗಿ ಎಷ್ಟೆಷ್ಟು ಕೆಲಸ ಮಾಡುತ್ತಿವೆ ಎಂದು ನೋಡುವ ಸ್ಕ್ಯಾನ್ ಬಾಕಿ ಇದೆ. ತಾಯಿ ಮಗಳು ಎಂದು ತೋರಿಸುವ ದಾಖಲೆಗಳೂ ಬೇಕು. ರೇಷನ್ ಕಾರ್ಡು, ಆಧಾರ್, ನನ್ನ ಜನನ ಪ್ರಮಾಣಪತ್ರ ಎಲ್ಲವನ್ನೂ ಅಮ್ಮ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಮನೆಯಲ್ಲಿ ಇಟ್ಟಿದ್ದಾರೆ.

ಬರುವ ಮಂಗಳವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಡಬೇಕು. ಸ್ಕ್ಯಾನಿಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾ ಎಂದು ಕೇಳು ಎಂದು ಅಮ್ಮ ಮೂರು ಸಲ ಹೇಳಿದ್ದಾರೆ. ಬೇಕಿಲ್ಲವಂತೆ. ಹಾಗಾದರೆ ಚಿತ್ರಾನ್ನ ಕಟ್ಟಿಕೊಳ್ಳೋಣ ಎಂದರು.